ಒಂದೇ ಬ್ಯಾಚಲ್ಲಿ ಸಾವಿರ ಜನಕ್ಕೆ ಇಮ್ಯೂನ್ ಸೆಲ್: ಯಾಕಿನ್ನೂ ಆಗ್ತಿಲ್ಲ?

ಪೊವಾಯಿಯ ಐಐಟಿ ಬಾಂಬೆ ಮತ್ತು ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯೋರು ಸೇರಿ ಬೆಳೆಸಿದ ನೆಕ್ಸ್‌ಕಾರ್19 ಅನ್ನೋ ರಕ್ತದ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ತು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದು ಲೋಕಾರ್ಪಣೆ ಮಾಡಿದ್ರು. ಅವತ್ತಿಂದ ಮುಂಬೈ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ ಈ ಹೆಸರು ಆಗಾಗ ಬರ್ತಾನೇ ಇದೆ, ಯಾಕಂದ್ರೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪರೇಲ್‌ಗೆ ಟ್ರೀಟ್‌ಮೆಂಟಿಗೆ ಅಂತ ಬಂದು ನಮ್ಮ ಯಾರದಾದ್ರೂ ಮನೇಲಿ ಉಳ್ಕೊಳ್ಳೋ ನೆಂಟರು ಇದ್ದೇ ಇರ್ತಾರೆ. ಅಮೆರಿಕಾದಲ್ಲಿ 2017ರಲ್ಲಿ ಬಂದ ಮೊದಲ ಕಾರ್-ಟಿಯ ಬೆಲೆ 4,75,000 ಡಾಲರ್ ಇತ್ತು, ನಮ್ಮದು ಹೆಚ್ಚುಕಮ್ಮಿ ಅದರ ಹತ್ತನೇ ಒಂದು ಪಾಲಿಗೆ ಬಂತು. ಹತ್ತನೇ ಒಂದು ಪಾಲು ಅಂದ್ರೂ ಆಗ ಅದು 40 ಲಕ್ಷದ ಆಸುಪಾಸು, ಅಥಣಿಲಿ ಎರಡೆಕರೆ ಕಬ್ಬಿನ ಹೊಲ ಇರೋರಿಗೆ ಹತ್ತನೇ ಪಾಲೋ ಪೂರ್ತಿಯೋ ಏನೂ ಫರಕು ಬೀಳಲ್ಲ.

ಡೊಂಬಿವಲಿಲಿರೋ ಪರಿಚಯದ ಕಾಕಾ ಒಬ್ರು ಕೇಳಿದ ಪ್ರಶ್ನೆ ಇದು: "ಅಲ್ರೀ, ಒಬ್ಬೊಬ್ಬರದ ರಕ್ತ ತಗದು ಒಬ್ಬೊಬ್ಬರಿಗೇ ಬ್ಯಾರೆ ಬ್ಯಾರೆ ಮಾಡೂದ್ಯಾಕ? ಒಮ್ಮೆಲೆ ಸಾವಿರ ಮಂದಿಗೆ ಆಗೂವಷ್ಟು ಮಾಡಿ ಫ್ರಿಜ್ಜಿನ್ಯಾಗ ಇಟ್ರಾತಲ್ಲ?" ನನಗಿದು ಡಾಕ್ಟರುಗಳ ಸಮ್ಮೇಳನದಲ್ಲಿ ಕೇಳಬೇಕಾದಂಥ ಪ್ರಶ್ನೆ ಅನ್ನಿಸ್ತು. ಕಾರ್-ಟಿ ಅಂದ್ರೆ ರೋಗಿಯದೇ ಟಿ ಸೆಲ್ಲುಗಳನ್ನ (ರೋಗದ ವಿರುದ್ಧ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣ) ರಕ್ತದಿಂದ ಬೇರ್ಪಡಿಸಿ, ಕ್ಯಾನ್ಸರ್ ಕಣವನ್ನ ಗುರುತು ಹಿಡಿಯೋ ಒಂದು ಜೀನನ್ನ ವೈರಸ್ ಮೂಲಕ ಒಳಗೆ ಸೇರಿಸಿ, ಲ್ಯಾಬಲ್ಲಿ ಕೋಟಿಗಟ್ಟಲೆ ಬೆಳೆಸಿ ವಾಪಸ್ ಅದೇ ರೋಗಿಗೆ ಹಾಕೋದು. ಒಬ್ಬ ರೋಗಿ ಅಂದ್ರೆ ಒಂದು ಬ್ಯಾಚು, ಒಂದು ಸೆಟ್ ಟೆಸ್ಟುಗಳು, ಒಂದಷ್ಟು ವಾರಗಳ ಕಾಯುವಿಕೆ. ಕೀಮೋ ತಗೊಂಡು ತಗೊಂಡು ಸುಸ್ತಾದ ದೇಹದಲ್ಲಿ ಟಿ ಸೆಲ್ಲುಗಳೂ ಸುಸ್ತಾಗಿರ್ತವೆ, ಕೆಲವರಲ್ಲಿ ಬೆಳೆಸೋಕೆ ಸಾಕಾಗೋಷ್ಟು ಸಿಗೋದೂ ಇಲ್ಲ.

ಹಾಗಾದ್ರೆ ಎಷ್ಟು ಬೇಕಾದ್ರೂ ಬೆಳೆಸಬಹುದಾದ ಒಂದು ಮೂಲ ಸೆಲ್ ಇಟ್ಕೊಂಡು, ಅದರಿಂದಲೇ ಟಿ ಸೆಲ್ ಮಾಡ್ತಾ ಹೋದ್ರೆ? ಆ ಮೂಲ ಸೆಲ್ ಇದೆ. ಭ್ರೂಣದ ಸ್ಟೆಮ್ ಸೆಲ್. ಅದು ಕೈಗೆ ಸಿಕ್ಕಿ ದಶಕಗಳೇ ಆದ್ವು, ಆದ್ರೂ ಫ್ರಿಜ್ಜಿನ್ಯಾಗ ಇಡೋ ಟಿ ಸೆಲ್ ಇನ್ನೂ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ಆಗಿಲ್ಲ. ಸ್ಟೆಮ್ ಸೆಲ್‌ಗೆ "ಶಕ್ತಿ" ಕಮ್ಮಿ ಆಗಿ ಅಲ್ಲ ಇದು, ಶಕ್ತಿ ಬೇಕಾದಷ್ಟಿದೆ. ತೊಡಕಿರೋದು ದಾರಿಯಲ್ಲಿ. ಗರ್ಭದಲ್ಲಿ ಮಗು ರಕ್ತ ಮಾಡ್ಕೊಳ್ಳೋದು ಒಂದೇ ಸಲ ಅಲ್ಲ, ಅಲೆ ಅಲೆಯಾಗಿ, ಬೇರೆ ಬೇರೆ ಜಾಗದಲ್ಲಿ, ಮತ್ತು ಲ್ಯಾಬಲ್ಲಿ ಸುಲಭಕ್ಕೆ ಸಿಗೋದು ನಮಗೆ ಬೇಡದ ಮೊದಲನೇ ಅಲೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊಟ್ಟೆ ಫಲಿತ ಆಗಿ ಐದಾರು ದಿನಕ್ಕೆ ಭ್ರೂಣ ಒಂದು ಟೊಳ್ಳು ಉಂಡೆ, ಒಳಗಡೆ ಒಂದು ಮೂಲೇಲಿ ಒಂದಿಷ್ಟು ಸೆಲ್ಲುಗಳ ಗುಂಪು. ಆ ಒಳಗಿನ ಗುಂಪನ್ನ ತೆಗೆದು ಬೆಳೆಸಿದ್ರೆ ಅದೇ ಭ್ರೂಣದ ಸ್ಟೆಮ್ ಸೆಲ್, ದೇಹದ ಯಾವ ಸೆಲ್ ಆಗೋಕೂ ರೆಡಿ ಇರೋದು. ಇಲಿಯಲ್ಲಿ ಇದನ್ನ 1981ರಲ್ಲಿ ಕೇಂಬ್ರಿಡ್ಜಿನ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್ ಮಾಡಿದ್ರು, ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಗೇಲ್ ಮಾರ್ಟಿನ್ ಕೂಡ ಮಾಡಿದ್ರು. ಮನುಷ್ಯರದ್ದಕ್ಕೆ 1998ರವರೆಗೆ ಕಾಯಬೇಕಾಯ್ತು, ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮಾಡಿದ್ದು. 2006ರಲ್ಲಿ ಕ್ಯೋಟೋದ ಶಿನ್ಯಾ ಯಮನಾಕಾ ಇಲಿಯ ಚರ್ಮದ ಸೆಲ್ಲಿಗೆ ನಾಲ್ಕು ಜೀನ್ ಹಾಕಿ ಹೆಚ್ಚುಕಮ್ಮಿ ಅದೇ ಸ್ಥಿತಿಗೆ ವಾಪಸ್ ತಂದ್ರು, ಮರುವರ್ಷ ಮನುಷ್ಯರ ಸೆಲ್ಲಲ್ಲೂ ಆಯ್ತು, ಅದನ್ನ ಐಪಿಎಸ್ ಸೆಲ್ ಅಂತಾರೆ. ಭ್ರೂಣ ಬೇಡವಾಯ್ತು ಅನ್ನೋದು ಬಿಟ್ರೆ ಮುಂದಿನ ಕಷ್ಟ ಎರಡಕ್ಕೂ ಒಂದೇ.

ಇದು ಬರೀ ವಿದೇಶದ ಕತೆ ಅಂದ್ಕೋಬೇಡಿ. ಪರೇಲ್‌ನಲ್ಲೇ, ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯದ ಸಂಶೋಧನಾ ಸಂಸ್ಥೆಲಿ, ದೀಪಾ ಭಾರ್ತಿಯಾ ಅವರ ತಂಡ ಕೈಂಡ್-1, ಕೈಂಡ್-2 ಅನ್ನೋ ಎರಡು ಮಾನವ ಭ್ರೂಣ ಸ್ಟೆಮ್ ಸೆಲ್ ಲೈನುಗಳನ್ನ (ಲ್ಯಾಬಲ್ಲಿ ಬೆಳೀತಾನೇ ಹೋಗೋ ಸೆಲ್ಲುಗಳ ವಂಶ) ಮಾಡಿತ್ತು. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ಲ್ಯಾಬ್, ಐವಿಎಫ್‌ನೋರು ಕ್ವಾಲಿಟಿ ಸರಿ ಇಲ್ಲ ಅಂತ ಬಿಟ್ಟ ಭ್ರೂಣಗಳಿಂದ ಎರಡು ಲೈನು ತೆಗೀತು. ಇದೇ ಲ್ಯಾಬು ರಕ್ತದ ಸೆಲ್ಲುಗಳು ಹೇಗೆ ಹುಟ್ಟುತ್ತವೆ ಅನ್ನೋದರ ಮೇಲೆ ಇಲಿಯ ಸ್ಟೆಮ್ ಸೆಲ್ಲಲ್ಲೂ ಹಣ್ಣು ನೊಣದಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದೆ. ಅಷ್ಟೇ ಯಾಕೆ, 2001ರ ಆಗಸ್ಟ್‌ನಲ್ಲಿ ಅಮೆರಿಕಾ ಸರ್ಕಾರ ತನ್ನ ದುಡ್ಡಲ್ಲಿ ಸಂಶೋಧನೆ ಮಾಡಬಹುದಾದ ಸ್ಟೆಮ್ ಸೆಲ್ ಲೈನುಗಳ ಪಟ್ಟಿ ಮಾಡಿದಾಗ ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನ ಏಳು, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಮೂರು ಲೈನು ಅದರಲ್ಲಿದ್ವು.

ಈಗ ಅಸಲಿ ವಿಷಯ, ಗರ್ಭದೊಳಗೆ ಏನಾಗುತ್ತೆ.

ಎರಡನೇ ವಾರ ಮುಗಿದು ಮೂರನೇದು ಶುರುವಾಗೋ ಹೊತ್ತಿಗೆ ಭ್ರೂಣದ ಸೆಲ್ಲುಗಳು ಮೂರು ಪದರ ಆಗಿ ಬೇರೆ ಆಗ್ತವೆ. ನಡುವಿನ ಪದರದಿಂದ ಮಾಂಸಖಂಡ, ಮೂಳೆ, ರಕ್ತನಾಳ, ರಕ್ತ ಎಲ್ಲಾ ಬರೋದು. ಮೊದಲ ರಕ್ತ ಹುಟ್ಟೋದು ಭ್ರೂಣದ ಒಳಗಲ್ಲ, ಹೊರಗಡೆ ಅದಕ್ಕೆ ಅಂಟ್ಕೊಂಡಿರೋ ಯೋಕ್ ಸ್ಯಾಕ್ ಅನ್ನೋ ಚೀಲದಲ್ಲಿ, ಮೂರನೇ ವಾರದಲ್ಲೇ, ಹೃದಯ ಬಡಿಯೋಕೆ ಶುರುವಾಗೋದಕ್ಕೂ ಸ್ವಲ್ಪ ಮುಂಚೆ. ಇದು ಅರ್ಜೆಂಟ್ ಕೆಲಸದ ರಕ್ತ. ಆಮ್ಲಜನಕ ಸಾಗಿಸೋಕೆ ದೊಡ್ಡ ದೊಡ್ಡ ಕೆಂಪು ಕಣ, ಕಸ ಗುಡಿಸೋಕೆ ಮ್ಯಾಕ್ರೋಫೇಜ್, ಮುಖ್ಯವಾಗಿ ಇಷ್ಟೇ. ಟಿ ಸೆಲ್, ಆಂಟಿಬಾಡಿ ಮಾಡೋ ಬಿ ಸೆಲ್ ಇವನ್ನ ಕೊಡೋ ಯೋಗ್ಯತೆ ಇದಕ್ಕಿಲ್ಲ. ಆದ್ರೆ ತಾತ್ಕಾಲಿಕ ಅಂತ ತಳ್ಳಿ ಹಾಕೋ ಹಾಗೂ ಇಲ್ಲ, ಈ ಚೀಲದಲ್ಲಿ ಹುಟ್ಟಿದ ಕೆಲವು ಮ್ಯಾಕ್ರೋಫೇಜುಗಳು ಮಿದುಳಿಗೆ ಹೋಗಿ ಮೈಕ್ರೋಗ್ಲಿಯಾ ಅನ್ನೋ ಕಾವಲು ಸೆಲ್ಲುಗಳಾಗಿ ಅಲ್ಲೇ ಕೂರ್ತವೆ. 2010ರಲ್ಲಿ ಇಲಿಗಳಲ್ಲಿ ಇದನ್ನ ಬೆನ್ನುಹತ್ತಿ ನೋಡಿದಾಗ ದೊಡ್ಡ ಇಲಿಯ ಮಿದುಳಿನ ಮೈಕ್ರೋಗ್ಲಿಯಾದ ಮೂಲ ಯೋಕ್ ಸ್ಯಾಕೇ ಅಂತ ಗೊತ್ತಾಯ್ತು. ನನಗಂತೂ ಇಮ್ಯುನಾಲಜಿಲಿ ಇದಕ್ಕಿಂತ ಮಜಾ ಇರೋ ಸಂಗತಿ ಕಮ್ಮಿ.

ಎರಡನೇ ಅಲೆ ಕೂಡ ಅದೇ ಚೀಲದಲ್ಲಿ, ಇನ್ನೊಂದಿಷ್ಟು ಬಗೆಯ ಬಿಳಿ ಕಣ ಬರುತ್ತೆ, ಅದನ್ನ ಬಿಡೋಣ.

ನಮಗೆ ಬೇಕಾದ ಅಲೆ ಬರೋದು ನಾಲ್ಕನೇ ವಾರದ ಕೊನೆ, ಐದನೇ ವಾರದ ಹೊತ್ತಿಗೆ, ಭ್ರೂಣದ ಒಳಗೆ, ಬೆನ್ನುದ್ದಕ್ಕೂ ಇಳಿಯೋ ಮಹಾಪಧಮನಿ ಅಯೋರ್ಟಾದ ಗೋಡೆಯಲ್ಲಿ. ರಕ್ತನಾಳದ ಒಳಮೈಗೆ ಹೆಂಚು ಹೊದಿಸಿದ ಹಾಗೆ ಅಂಟ್ಕೊಂಡಿರೋ ಚಪ್ಪಟೆ ಸೆಲ್ಲುಗಳಲ್ಲಿ ಕೆಲವು ಉಬ್ಬಿ, ಗುಂಡಗಾಗಿ, ಅಕ್ಕಪಕ್ಕದ ಹಿಡಿತ ಬಿಡಿಸ್ಕೊಂಡು ರಕ್ತದ ಸೆಲ್ಲಾಗಿ ಹೊರಡ್ತವೆ. ಅಂದ್ರೆ ಪೈಪಿನ ಗೋಡೆಯೇ ಪೈಪಲ್ಲಿ ಹರಿಯೋ ವಸ್ತು ಆಗಿಬಿಡೋದು. ಇದನ್ನ ಹೇಳಿದಾಗ ಬಹಳ ಜನ ನಂಬಿರಲಿಲ್ಲ, 2010ರಲ್ಲಿ ಜೀಬ್ರಾಫಿಶ್ ಮೀನಿನ ಪಾರದರ್ಶಕ ಮರಿಗಳಲ್ಲಿ ಮೈಕ್ರೋಸ್ಕೋಪ್ ಕೆಳಗೆ ಲೈವ್ ಆಗಿ ವಿಡಿಯೋ ತೆಗೆದ ಮೇಲೆ ವಾದ ನಿಂತಿತು. ರನ್‌ಎಕ್ಸ್1 ಅನ್ನೋ ಜೀನ್ ಇಲ್ಲದೆ ಈ ಬದಲಾವಣೆ ನಡೆಯಲ್ಲ, ಅದನ್ನ ತೆಗೆದ ಇಲಿ ಭ್ರೂಣಗಳು ಗರ್ಭದಲ್ಲೇ ಸಾಯ್ತವೆ.

ಹೀಗೆ ಹುಟ್ಟೋದೇ ನಿಜವಾದ ರಕ್ತದ ಸ್ಟೆಮ್ ಸೆಲ್, ಸಂಖ್ಯೆಲಿ ಬೆರಳೆಣಿಕೆಯಷ್ಟು ಮಾತ್ರ. ಅವು ಲಿವರ್‌ಗೆ ಹೋಗಿ ಅಲ್ಲಿ ಸಿಕ್ಕಾಪಟ್ಟೆ ಹೆಚ್ತವೆ, ಹುಟ್ಟೋ ಮುಂಚೆ ಮೂಳೆಯೊಳಗಿನ ಮಜ್ಜೆಗೆ ಸಾಗ್ತವೆ, ಆಮೇಲೆ ನಾವು ಸಾಯೋವರೆಗೂ ಅವೇ ನಮ್ಮ ರಕ್ತದ ಬಂಡವಾಳ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟಲ್ಲಿ ನಿಜವಾಗಿ ವರ್ಗಾವಣೆ ಆಗೋದು ಇವು. ಇಂಥದ್ದೊಂದು ಸೆಲ್ ಇದೆ ಅನ್ನೋದಕ್ಕೆ ಮೊದಲ ಗಟ್ಟಿ ಸಾಕ್ಷಿ ಕೊಟ್ಟಿದ್ದು 1961ರಲ್ಲಿ ಟೊರಾಂಟೋದ ಟಿಲ್ ಮತ್ತು ಮೆಕ್ಲಾಕ್, ರೇಡಿಯೇಷನ್ ಕೊಟ್ಟ ಇಲಿಗೆ ಮಜ್ಜೆ ಚುಚ್ಚಿ ಅದರ ಗುಲ್ಮದ ಮೇಲೆ ಎದ್ದ ಗಂಟುಗಳನ್ನ ಎಣಿಸಿ.

ಇನ್ನು ಲ್ಯಾಬಿನ ಕತೆ. ಭ್ರೂಣದ ಸ್ಟೆಮ್ ಸೆಲ್ಲಿಗೆ ಬಿಎಂಪಿ4 ಅನ್ನೋ ಪ್ರೋಟೀನ್ ಕೊಟ್ರೆ ನಡುಪದರದ ಸೆಲ್ ಆಗುತ್ತೆ, ಆಮೇಲೆ ವಿಇಜಿಎಫ್ ಮತ್ತೆ ಒಂದಿಷ್ಟು ಗ್ರೋತ್ ಫ್ಯಾಕ್ಟರು ಕೊಟ್ರೆ ಎರಡು ಮೂರು ವಾರದಲ್ಲಿ ಡಿಶ್ಶಲ್ಲಿ ರಕ್ತದ ಸೆಲ್ಲುಗಳು ತೇಲಾಡ್ತವೆ. ನೋಡೋಕೆ ಖುಷಿ ಆಗುತ್ತೆ. ಆದ್ರೆ ಟೆಸ್ಟ್ ಮಾಡಿ ನೋಡಿದ್ರೆ ಕೆಂಪು ಕಣದೊಳಗಿರೋದು ಬಹುಪಾಲು ಭ್ರೂಣದ ಮತ್ತು ಗರ್ಭಕಾಲದ ಹಿಮೋಗ್ಲೋಬಿನ್, ಬಿಳಿ ಕಣದಲ್ಲಿ ಮ್ಯಾಕ್ರೋಫೇಜೇ ಜಾಸ್ತಿ. ಅಂದ್ರೆ ಯೋಕ್ ಸ್ಯಾಕಿನ ದಾರಿ ಹಿಡಿದುಬಿಟ್ಟಿದೆ. ನಮ್ಮ ಸೆಂಟ್ರಲ್ ಲೈನಲ್ಲಿ ಓಡಾಡೋರಿಗೆ ಹೀಗೆ ಹೇಳ್ತೀನಿ: ಕಲ್ಯಾಣದವರೆಗೆ ಎಲ್ಲಾ ಗಾಡಿಯೂ ಒಂದೇ, ಅಲ್ಲಿ ಕಸಾರಾ ಕಡೆ ತಿರುಗಿದ್ರೆ ಆಮೇಲೆ ನೀವು ಎಷ್ಟೇ ದೂರ ಹೋದ್ರೂ ಕರ್ಜತ್ ಬರಲ್ಲ. ಸೆಲ್ಲಿನ ಕಲ್ಯಾಣ ಬರೋದು ತೀರಾ ಬೇಗ, ಮೊದಲ ಎರಡು ಮೂರು ದಿನದಲ್ಲೇ. 2014ರಲ್ಲಿ ಟೊರಾಂಟೋದ ಗೋರ್ಡನ್ ಕೆಲ್ಲರ್ ಅವರ ಲ್ಯಾಬು ತೋರಿಸಿದ್ದೇನಂದ್ರೆ ಆ ಸಣ್ಣ ಕಿಂಡಿಲಿ ವಿಂಟ್ ಅನ್ನೋ ಸಿಗ್ನಲ್ ಆನ್ ಮಾಡಿದ್ರೆ ಟಿ ಸೆಲ್ ಕೊಡಬಲ್ಲ ದಾರಿ, ಆಫ್ ಮಾಡಿದ್ರೆ ಯೋಕ್ ಸ್ಯಾಕಿನ ದಾರಿ. ಅದಕ್ಕೂ ಮುಂಚೆ ಮಾಡಿದ ಎಷ್ಟೋ ಪ್ರಯೋಗಗಳಲ್ಲಿ ಎರಡೂ ಕಲಸಿಹೋಗಿತ್ತು, ಯಾವ ಸೆಲ್ ಯಾವ ಅಲೆಯದು ಅಂತಾನೇ ಗೊತ್ತಾಗ್ತಿರಲಿಲ್ಲ.

ಸರಿ, ದಾರಿ ಸರಿಯಾಗೇ ಹಿಡಿದ್ವಿ ಅಂತಿಟ್ಕೊಳ್ಳಿ, ಟಿ ಸೆಲ್ ಮಾಡೋಕೆ ಇನ್ನೊಂದು ಗಂಡಾಂತರ ಇದೆ. ಮಿಕ್ಕ ರಕ್ತಕಣಗಳ ಹಾಗೆ ಟಿ ಸೆಲ್ ಮಜ್ಜೆಲೇ ತಯಾರಾಗಲ್ಲ, ಎದೆಮೂಳೆ ಹಿಂದಿರೋ ಥೈಮಸ್ ಗ್ರಂಥಿಗೆ ಹೋಗಿ ಅಲ್ಲಿ ಬೆಳೀಬೇಕು. 1961ರಲ್ಲಿ ಜಾಕ್ ಮಿಲ್ಲರ್ ಹಸುಗೂಸು ಇಲಿಗಳ ಥೈಮಸ್ ತೆಗೆದು ನೋಡೋವರೆಗೂ ಅದು ಕೆಲಸಕ್ಕೆ ಬಾರದ ಅಂಗ ಅಂತಾನೇ ಲೆಕ್ಕ. ಥೈಮಸ್ಸಿಗೆ ಬಂದ ಸೆಲ್ಲಿಗೆ ಅಲ್ಲಿನ ಗೋಡೆಯ ಸೆಲ್ಲುಗಳು ನಾಚ್ ಅನ್ನೋ ಸ್ವಿಚ್ ಒತ್ತಿ "ನೀನು ಟಿ ಸೆಲ್ ಆಗು" ಅಂತ ಹೇಳ್ತವೆ. ಆಮೇಲೆ ಸೆಲ್ ತನ್ನ ಡಿಎನ್‌ಎ ತುಣುಕುಗಳನ್ನ ತಾನೇ ಕತ್ತರಿಸಿ ಬೇರೆ ರೀತಿ ಜೋಡಿಸ್ಕೊಂಡು ಶತ್ರುವನ್ನ ಗುರುತು ಹಿಡಿಯೋ ತನ್ನದೇ ಒಂದು ರಿಸೆಪ್ಟರ್ ಮಾಡ್ಕೊಳ್ಳುತ್ತೆ, ಕೋಟಿ ಸೆಲ್ಲಿಗೆ ಕೋಟಿ ಥರದ್ದು. ಅದಾದ್ಮೇಲೆ ಪರೀಕ್ಷೆ. ರಿಸೆಪ್ಟರ್ ಯಾವುದನ್ನೂ ಗುರುತಿಸದೆ ಇದ್ರೂ ಸಾವು, ನಮ್ಮದೇ ದೇಹದ ಮೇಲೆ ಜೋರಾಗಿ ಎರಗೋ ಥರ ಇದ್ರೂ ಸಾವು, ನೂರಕ್ಕೆ 90ಕ್ಕಿಂತ ಹೆಚ್ಚು ಸೆಲ್ಲು ಅಲ್ಲೇ ಸಾಯ್ತವೆ. ಇಷ್ಟು ಕಟ್ಟುನಿಟ್ಟಿನ ವ್ಯವಸ್ಥೆನ ಪ್ಲಾಸ್ಟಿಕ್ ಡಿಶ್ಶಲ್ಲಿ ತರೋದು ಹೇಗೆ?

ಇದಕ್ಕೆ ಸಿಕ್ಕ ಉತ್ತರ ಬಂದಿದ್ದು ಒಂಥರಾ ವಕ್ರ ದಾರಿಲಿ. 1994ರಲ್ಲಿ ಜಪಾನಿನ ನಕಾನೋ, ಕೊಡಾಮಾ, ಹೊಂಜೋ ಮೂವರು ಓಪಿ9 ಅನ್ನೋ ಇಲಿಯ ಮಜ್ಜೆಯ ಸೆಲ್ಲುಗಳ ಹಾಸಿಗೆ ಮೇಲೆ ಭ್ರೂಣದ ಸ್ಟೆಮ್ ಸೆಲ್ ಬೆಳೆಸಿ ಬಿ ಸೆಲ್ಲೂ ಸೇರಿದ ಹಾಗೆ ರಕ್ತದ ಸೆಲ್ಲುಗಳನ್ನ ಪಡೆದ್ರು. ಓಪಿ9ರ ವಿಶೇಷ ಅಂದ್ರೆ ಅದರಲ್ಲಿ ಎಂ-ಸಿಎಸ್‌ಎಫ್ ಅನ್ನೋ ಅಂಶ ಹುಟ್ಟಿನಿಂದಲೇ ಇಲ್ಲ, ಅದು ಇದ್ರೆ ಎಲ್ಲಾ ಮ್ಯಾಕ್ರೋಫೇಜೇ ಆಗಿ ತುಂಬ್ಕೊಂಡುಬಿಡ್ತವೆ. ಹೊಂಜೋ ಅಂದ್ರೆ ಅದೇ ತಸುಕು ಹೊಂಜೋ, ಮುಂದೆ 2018ರಲ್ಲಿ ಕ್ಯಾನ್ಸರ್ ಇಮ್ಯುನೋಥೆರಪಿಗೆ ನೊಬೆಲ್ ತಗೊಂಡೋರು. ಆಮೇಲೆ ಟೊರಾಂಟೋದಲ್ಲಿ ಶ್ಮಿಟ್ ಮತ್ತು ಸುನಿಗಾ-ಫ್ಲುಕರ್ 2002ರಲ್ಲಿ ಅದೇ ಓಪಿ9ಗೆ ನಾಚ್ ಸ್ವಿಚ್ ಒತ್ತೋ ಪ್ರೋಟೀನ್ ಸೇರಿಸಿದ್ರು, 2004ರ ಹೊತ್ತಿಗೆ ಇಲಿಯ ಭ್ರೂಣ ಸ್ಟೆಮ್ ಸೆಲ್ಲಿನಿಂದ ಡಿಶ್ಶಲ್ಲೇ ಟಿ ಸೆಲ್ ಬಂತು. ಥೈಮಸ್ಸೇ ಇಲ್ದೆ! ಅದೊಂದು ದೊಡ್ಡ ಜಿಗಿತ. 2017ರಲ್ಲಿ ಯುಸಿಎಲ್‌ಎಯ ಗೇ ಕ್ರೂಕ್ಸ್ ತಂಡ ಸೆಲ್ಲುಗಳನ್ನ ಮೂರು ಆಯಾಮದ ಉಂಡೆಗಳಾಗಿ ಬೆಳೆಸಿ ಕೃತಕ ಥೈಮಸ್ ಥರದ್ದನ್ನ ಮಾಡ್ತು, ಅದರಲ್ಲಿ ಟಿ ಸೆಲ್ಲುಗಳು ಇನ್ನೂ ಚೆನ್ನಾಗಿ ಬಲೀತವೆ.

ಆದ್ರೂ ಡಿಶ್ಶಲ್ಲಿ ಬೆಳೆದ ಟಿ ಸೆಲ್ಲುಗಳು ಎಷ್ಟೋ ಸಲ ಗರ್ಭದ ಮಗುವಿನ ಟಿ ಸೆಲ್ಲಿನ ಥರಾನೇ ನಡ್ಕೊಳ್ತವೆ, ರಿಸೆಪ್ಟರ್ ವೈವಿಧ್ಯ ಕಮ್ಮಿ, ನೆನಪಿಟ್ಕೊಂಡು ಗುರಿ ಹಿಡಿಯೋದಕ್ಕಿಂತ ಕಂಡಲ್ಲಿ ಹೊಡೆಯೋ ಸ್ವಭಾವ. ಬಿ ಸೆಲ್ ಮನುಷ್ಯರ ಸ್ಟೆಮ್ ಸೆಲ್ಲಿನಿಂದ ಇನ್ನೂ ಕಷ್ಟ.

ಅದಕ್ಕೇ ಕಂಪನಿಗಳು ಮೊದಲು ಓಡಿದ್ದು ಎನ್‌ಕೆ ಸೆಲ್ ಕಡೆ, ಅಂದ್ರೆ ನ್ಯಾಚುರಲ್ ಕಿಲ್ಲರ್ ಅನ್ನೋ ಇನ್ನೊಂದು ಬಗೆಯ ಬಿಳಿ ಕಣ. ಇದಕ್ಕೆ ಥೈಮಸ್ ಬೇಡ, ಡಿಎನ್‌ಎ ಕತ್ತರಿಸಿ ರಿಸೆಪ್ಟರ್ ಮಾಡ್ಕೊಳ್ಳೋ ಗೋಜಿಲ್ಲ, ಇಂಟರ್‌ಲ್ಯೂಕಿನ್-15 ಅನ್ನೋ ಪ್ರೋಟೀನ್ ಕೊಟ್ಟು ಬೆಳೆಸಿದ್ರೆ ಬರುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆಯವರ ಟಿ ಸೆಲ್ ಹಾಕಿದ್ರೆ ಅದು ರೋಗಿಯ ಚರ್ಮ, ಕರುಳು, ಲಿವರ್ ಮೇಲೇ ತಿರುಗಿ ಬೀಳೋ ಅಪಾಯ ಇದೆ, ಎನ್‌ಕೆಯಲ್ಲಿ ಅದು ಬಹಳ ಕಮ್ಮಿ. ಅಮೆರಿಕಾದ ಫೇಟ್ ಥೆರಪ್ಯೂಟಿಕ್ಸ್ 2019ರಲ್ಲಿ ಐಪಿಎಸ್ ಸೆಲ್ಲಿನಿಂದ ಮಾಡಿ ಫ್ರೀಜ್ ಮಾಡಿಟ್ಟ ಎನ್‌ಕೆ ಸೆಲ್ಲನ್ನ ರೋಗಿಗಳಿಗೆ ಕೊಡೋ ಟ್ರಯಲ್ ಶುರು ಮಾಡ್ತು. ಷೇರು ಮಾರ್ಕೆಟ್ಟಲ್ಲಿ ಭಾರೀ ಸದ್ದು. 2023ರ ಜನವರಿಯಲ್ಲಿ ಔಷಧ ಕಂಪನಿ ಜಾನ್ಸೆನ್ ಜೊತೆಗಿನ ಒಪ್ಪಂದ ಮುರಿದುಬಿತ್ತು, ಎನ್‌ಕೆ ಪ್ರಾಜೆಕ್ಟುಗಳಲ್ಲಿ ಹಲವನ್ನ ಕಂಪನಿ ಕೈಬಿಡ್ತು, ಜನರನ್ನ ತೆಗೀತು. ಎನ್‌ಕೆ ಸೆಲ್ಲಿನ ದೊಡ್ಡ ಕೊರತೆ ಅಂದ್ರೆ ಅದು ದೇಹದಲ್ಲಿ ತಿಂಗಳುಗಟ್ಟಲೆ ಉಳಿಯಲ್ಲ, ಕಾರ್-ಟಿಯ ಟಿ ಸೆಲ್ಲು ವರ್ಷಗಟ್ಟಲೆ ಉಳಿಯೋದೂ ಉಂಟು. ಈಗ ಅದೇ ಕಂಪನಿ ಐಪಿಎಸ್‌ನಿಂದಲೇ ಮಾಡಿದ ಕಾರ್-ಟಿ ಸೆಲ್ಲನ್ನ ಲೂಪಸ್ (ಇಮ್ಯೂನ್ ಸೆಲ್ಲುಗಳು ಸ್ವಂತ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ) ರೋಗಿಗಳಲ್ಲಿ ಟ್ರಯಲ್ ಮಾಡ್ತಿದೆ. ನನ್ನ ಅಂದಾಜಲ್ಲಿ ಈ ಫ್ರಿಜ್ಜಿನ ಸೆಲ್ಲುಗಳು ಮೊದಲು ಗೆಲ್ಲೋದು ಕ್ಯಾನ್ಸರ್‌ನಲ್ಲಿ ಅಲ್ಲದೇ ಇರಬಹುದು. ಲೂಪಸ್‌ನಲ್ಲಿ ತಪ್ಪು ಬಿ ಸೆಲ್ಲುಗಳನ್ನ ಒಮ್ಮೆ ಗುಡಿಸಿ ಹಾಕಿದ್ರೂ ದೊಡ್ಡ ಲಾಭ, ವರ್ಷಗಟ್ಟಲೆ ಕಾವಲು ಕಾಯೋ ಸೆಲ್ಲೇ ಬೇಕು ಅಂತೇನಿಲ್ಲ.

ಇನ್ನೊಂದು ತಲೆನೋವು, ರೋಗಿಯ ದೇಹ ಈ ಪರಕೀಯ ಸೆಲ್ಲನ್ನ ಬಿಡಬೇಕಲ್ಲ. ಬಿ2ಎಂ ಅನ್ನೋ ಜೀನ್ ತೆಗೆದ್ರೆ ಸೆಲ್ ಮೇಲಿನ ಗುರುತಿನ ಚೀಟಿ ಮಾಯ, ರೋಗಿಯ ಟಿ ಸೆಲ್ಲಿಗೆ ಕಾಣಲ್ಲ. ಆದ್ರೆ ಗುರುತಿನ ಚೀಟಿ ಇಲ್ಲದ ಸೆಲ್ಲನ್ನ ಹೊಡೆಯೋದೇ ರೋಗಿಯ ಎನ್‌ಕೆ ಸೆಲ್ಲಿನ ಡ್ಯೂಟಿ, ಅದಕ್ಕೆ ಸಮಾಧಾನ ಮಾಡೋಕೆ ಎಚ್‌ಎಲ್‌ಎ-ಇ ಅಂತ ಇನ್ನೊಂದನ್ನ ಸೇರಿಸಬೇಕು. ಜೊತೆಗೆ ಮೂಲ ಸ್ಟೆಮ್ ಸೆಲ್ ಒಂದಿಷ್ಟು ಹಾಗೇ ಉಳ್ಕೊಂಡು ದೇಹ ಸೇರಿದ್ರೆ ಟೆರಟೋಮಾ ಅನ್ನೋ ಗೆಡ್ಡೆ ಆಗಬಹುದು, ಅದಕ್ಕೆ ಶುದ್ಧತೆಯ ಟೆಸ್ಟು ಬಲು ಬಿಗಿ.

ಇದೆಲ್ಲಾ ಬೇಡ, ಟಿ ಸೆಲ್ಲೋ ಎನ್‌ಕೆಯೋ ಒಂದೊಂದೇ ಮಾಡೋ ಬದಲು ಆ ಅಯೋರ್ಟಾದ ಗೋಡೆಯಲ್ಲಿ ಹುಟ್ಟೋ ಅಸಲಿ ರಕ್ತದ ಸ್ಟೆಮ್ ಸೆಲ್ಲನ್ನೇ ಲ್ಯಾಬಲ್ಲಿ ಮಾಡಿದ್ರೆ ಮಿಕ್ಕಿದ್ದೆಲ್ಲಾ ದೇಹವೇ ಮಾಡ್ಕೊಳ್ಳುತ್ತೆ ಅಂತ ಯೋಚಿಸೋರು ಇನ್ನೊಂದು ಗುಂಪು. 2017ರಲ್ಲಿ ಹಾರ್ವರ್ಡ್‌ನ ಜಾರ್ಜ್ ಡೇಲಿ ತಂಡ ಏಳು ಜೀನ್ ನಿಯಂತ್ರಕಗಳನ್ನ ತುರುಕಿ ಹತ್ರ ಹತ್ರ ಬಂತು, ಆದ್ರೆ ಹೀಗೆ ಹೊರಗಿಂದ ಏಳೇಳು ನಿಯಂತ್ರಕ ತುರುಕಿದ ಸೆಲ್ಲನ್ನ ರೋಗಿಗೆ ಕೊಡೋಕೆ ಧೈರ್ಯ ಬರೋದು ಕಷ್ಟ. 2024ರಲ್ಲಿ ಮೆಲ್ಬರ್ನ್‌ನ ಮರ್ಡೋಕ್ ಮಕ್ಕಳ ಸಂಶೋಧನಾ ಸಂಸ್ಥೆಯ ಎಲಿಜಬೆತ್ ಎಂಗ್, ಎಡ್ ಸ್ಟ್ಯಾನ್ಲಿ, ಆಂಡ್ರ್ಯೂ ಎಲೆಫಾಂಟಿ ಅವರ ತಂಡ ಹೊರಗಿನ ಜೀನ್ ಏನೂ ಹಾಕದೆ, ಸರಿಯಾದ ಹೊತ್ತಿಗೆ ಸರಿಯಾದ ಸಿಗ್ನಲ್ ಕೊಟ್ಟು, ಅದರಲ್ಲೂ ವಿಟಮಿನ್ ಎ ಜಾತಿಯ ಒಂದು ವಸ್ತುವನ್ನ ಟೈಮ್ ನೋಡಿ ಕೊಟ್ಟು, ಐಪಿಎಸ್‌ನಿಂದ ರಕ್ತದ ಸ್ಟೆಮ್ ಸೆಲ್ ಮಾಡ್ತು. ಇಮ್ಯೂನಿಟಿ ಇಲ್ಲದ ಇಲಿಗಳಿಗೆ ಚುಚ್ಚಿದಾಗ ಅವು ಮಜ್ಜೆಲಿ ಬೇರೂರಿ ಹಲವು ಬಗೆಯ ಮನುಷ್ಯ ರಕ್ತಕಣ ಕೊಟ್ವು. ಎಲ್ಲಾ ಇಲಿಗಳಲ್ಲೂ ಅಲ್ಲ, ಹೆಚ್ಚೆಂದ್ರೆ ಅರ್ಧದಷ್ಟರಲ್ಲಿ. ಮನುಷ್ಯರಿಗೆ ಬರೋಕೆ ಇನ್ನೂ ಬಹಳ ಕೆಲಸ ಇದೆ, ಆದ್ರೂ ಈ ಕ್ಷೇತ್ರದಲ್ಲಿ ಇಷ್ಟು ವರ್ಷದಲ್ಲಿ ಬಂದ ಸುದ್ದಿಗಳಲ್ಲಿ ನನಗೆ ನಿಜಕ್ಕೂ ತೂಕದ್ದು ಅನ್ನಿಸಿದ್ದು ಇದೇ.

ಇಷ್ಟೆಲ್ಲಾ ಯಾಕೆ ಬಿಡಿಸಿ ಹೇಳಿದೆ ಅಂದ್ರೆ, ಇತ್ತ ಮುಂಬೈ ಪುಣೆಲಿ "ಸ್ಟೆಮ್ ಸೆಲ್‌ನಿಂದ ಇಮ್ಯೂನಿಟಿ ಹೆಚ್ಚಿಸ್ಕೊಳ್ಳಿ" ಅನ್ನೋ ಜಾಹೀರಾತು ನೋಡಿ ಜನ ಫೋನ್ ಮಾಡಿ ರೇಟ್ ಕೇಳ್ತಾರೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ನಮ್ಮ ದೇಶದಲ್ಲಿ ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿರೋದು ರಕ್ತದ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾತ್ರ, ಅದೂ ರಕ್ತ ಸಂಬಂಧಿ ಕಾಯಿಲೆಗಳಿಗೆ. ಮಿಕ್ಕಿದ್ದೆಲ್ಲಾ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೇ ಆಗಬೇಕು ಅಂತ ಅದರಲ್ಲಿದೆ. ಆಟಿಸಂ ಮಕ್ಕಳಿಗೆ ಸ್ಟೆಮ್ ಸೆಲ್ ಕೊಡೋದನ್ನ ಶಿಫಾರಸು ಮಾಡಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರ್‌ನಲ್ಲಿ ಪ್ರತ್ಯೇಕವಾಗಿ ಹೇಳಿದೆ. ಟ್ರಯಲ್‌ಗೆ ದುಡ್ಡು ಕೇಳಿದ್ರೆ ಅಲ್ಲೇ ಅನುಮಾನ ಪಡಿ. ಮೆಲ್ಬರ್ನ್‌ನೋರಿಗೆ ಅರ್ಧ ಇಲಿಗಳಲ್ಲಿ ಆಗದೇ ಇದ್ದದ್ದು ಇಲ್ಲಿನ ಯಾವುದೋ ಕ್ಲಿನಿಕ್ಕಲ್ಲಿ ಒಂದು ಡ್ರಿಪ್ ಬಾಟ್ಲಿಲಿ ಆಗಿಬಿಡುತ್ತಾ, ನೀವೇ ಯೋಚನೆ ಮಾಡಿ.

ಹೆರಿಗೆ ಆಸ್ಪತ್ರೆಗಳಲ್ಲಿ ಹೊಕ್ಕುಳಬಳ್ಳಿ ರಕ್ತ ಕೂಡಿಡಿ ಅಂತ ಒತ್ತಾಯ ಮಾಡೋ ಏಜೆಂಟರ ವಿಷಯ ಸ್ವಲ್ಪ ಬೇರೆ. ಬಳ್ಳಿ ರಕ್ತದಲ್ಲಿರೋದು ಭ್ರೂಣದ ಸ್ಟೆಮ್ ಸೆಲ್ ಅಲ್ಲ, ಮೇಲೆ ಹೇಳಿದ ಅಸಲಿ ರಕ್ತದ ಸ್ಟೆಮ್ ಸೆಲ್, ಬೆಲೆ ಇರೋದೇ. 1988ರಲ್ಲಿ ಪ್ಯಾರಿಸ್ಸಲ್ಲಿ ಎಲಿಯಾನ್ ಗ್ಲುಕ್‌ಮನ್ ಫ್ಯಾಂಕೋನಿ ಅನೀಮಿಯಾ ಅನ್ನೋ ಹುಟ್ಟು ರಕ್ತದ ಕಾಯಿಲೆ ಇದ್ದ ಹುಡುಗನಿಗೆ ಅವನ ತಂಗಿಯ ಬಳ್ಳಿ ರಕ್ತ ಹಾಕಿ ಬದುಕಿಸಿದ್ರು. ಆದ್ರೆ ಅದು ತಂಗಿಯದು ಅನ್ನೋದನ್ನ ಏಜೆಂಟರು ಹೇಳಲ್ಲ. ಮಗುಗೆ ಮುಂದೆ ಥಲಸ್ಸೀಮಿಯಾ ಅಥವಾ ಹುಟ್ಟಿನಿಂದ ಇಮ್ಯೂನಿಟಿ ಇಲ್ಲದ ಕಾಯಿಲೆ ಕಂಡ್ರೆ ಅದರದೇ ಬಳ್ಳಿ ರಕ್ತದಲ್ಲೂ ಅದೇ ಕೆಟ್ಟ ಜೀನ್ ಇರುತ್ತೆ, ವಾಪಸ್ ಹಾಕಿ ಏನೂ ಪ್ರಯೋಜನ ಇಲ್ಲ. ಸ್ವಂತಕ್ಕೆ ಅಂತ ಕೂಡಿಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಅದೇ ಮಾರ್ಗಸೂಚಿಲಿದೆ. ಮನೇಲಿ ಈಗಾಗಲೇ ಇಂಥ ಕಾಯಿಲೆ ಇರೋ ದೊಡ್ಡ ಮಗು ಇದ್ದು ಎರಡನೇ ಹೆರಿಗೆ ಬರ್ತಿದ್ರೆ ಮಾತ್ರ ಲೆಕ್ಕ ಬೇರೆ, ಆಗ ಹೆರಿಗೆಗೆ ತಿಂಗಳುಗಳ ಮುಂಚೆನೇ ರಕ್ತರೋಗದ ಡಾಕ್ಟರ ಹತ್ರ ಈ ಮಾತು ಎತ್ತಿ. ಪರೇಲ್‌ನಲ್ಲಿ ಕೆಇಎಂ ಆಸ್ಪತ್ರೆ ಆವರಣದಲ್ಲೇ ಇರೋ ಐಸಿಎಂಆರ್‌ನ ಇಮ್ಯುನೋಹೆಮಟಾಲಜಿ ಸಂಸ್ಥೆಲಿ ಇಂಥ ಹುಟ್ಟು ಕಾಯಿಲೆಗಳನ್ನ ಪತ್ತೆ ಮಾಡೋ ಕೆಲಸ ವರ್ಷಗಳಿಂದ ನಡೀತಿದೆ.